ಜೋಡೆತ್ತಿಗಿಂತ ಅಗ್ಗದ ಕಾರು

ನಮ್ಮಪ್ಪ ಕಾರು ತಂದದ್ದು ಅವ್ವ ಮನೆಯಲ್ಲಿಲ್ಲದ ಸಮಯ ನೋಡಿಕೊಂಡು. ತನ್ನ ತಂಗಿಯ ಬಾಣಂತನಕ್ಕೆಂದು ಅವ್ವ ಮೆಟ್ಟೂರಿನ ಕಡೆಯ ತವರಿಗೆ ಹೋಗಿದ್ದಳು. ಅವಳ ಬಸ್ಸು ಎಡಪ್ಪಾಡಿ ದಾಟಿತ್ತೋ ಇಲ್ಲವೋ, ಅಪ್ಪನೂ ಚಿಕ್ಕಪ್ಪನೂ ಸೇರಿ ಪಡಸಾಲೆಯಲ್ಲಿದ್ದ ಅವಳ ಮಗ್ಗವನ್ನು ಬಿಚ್ಚಿ ಅಟ್ಟಕ್ಕೇರಿಸಿದರು. ಮಗ್ಗದಡಿಯಲ್ಲಿ ಕಾಲು ಇಳಿಬಿಟ್ಟು ಕೂರಲು ಒಂದು ಗುಂಡಿ ಇರುತ್ತದಲ್ಲ, ಅದಕ್ಕೆ ಮಣ್ಣು ತುಂಬಿ, ದಿಮ್ಮಸು ಹೊಡೆದು, ಮೇಲೆ ಸಗಣಿ ಸಾರಿಸಿದರು. ಆಮೇಲೆ ಬೀದಿಬದಿಯ ಜಗಲಿಯನ್ನು ಅರ್ಧ ಒಡೆದು, ಬಾಗಿಲ ಚೌಕಟ್ಟು ಕಿತ್ತರು. ನಾನು ಬಾಯಿ ಬಡಿದುಕೊಂಡೆ. ನನಗಾಗ ಇಪ್ಪತ್ತರ ಆಸುಪಾಸು, ನಾನೂ ಒಳಮನೆಯ ಮಗ್ಗದಲ್ಲಿ ನೇಯುತ್ತಿದ್ದವಳು. ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇದೆ ಎಂದು ಆ ದಿನದವರೆಗೂ ನಂಬಿದ್ದೆ.

ಕಾರು ಯಾವ ಕಂಪನಿಯದೆಂದು ಹೇಳಲು ನನಗೆ ಇವತ್ತಿಗೂ ಗೊತ್ತಿಲ್ಲ. ಮೂತಿಯ ಮೇಲಿದ್ದ ಅಕ್ಷರಗಳೆಲ್ಲ ಉದುರಿಹೋಗಿದ್ದವು. ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಮಿಲ್ಲೊಂದರ ಹಿತ್ತಲಿನಲ್ಲಿ ಬಹಳ ಕಾಲ ಬಿದ್ದಿದ್ದ ಕಾರು ಅದು, ಹಾಗಾಗಿ ಹುಳಿತ ಮರಗೆಣಸಿನ ವಾಸನೆ ಹೊಡೆಯುತ್ತಿತ್ತು. ಎಡಗಡೆಯ ಬಾಗಿಲನ್ನು ಹಳೆ ಸೀರೆಯ ಅಂಚಿನಿಂದ ಕಟ್ಟಿದ್ದರು. ಅದು ನಮ್ಮ ಬೀದಿಗೆ ಬಂದ ಮೊದಲ ದಿನವೇ, ತಿರುಗಿಸುವ ಭರದಲ್ಲಿ, ನಮ್ಮ ಮನೆಯ ಪಕ್ಕದ ಕಲ್ಲುಕಂಬಕ್ಕೆ ಡಿಕ್ಕಿ ಹೊಡೆದು ಅದನ್ನು ಬುಡಸಮೇತ ಮಲಗಿಸಿತು.

ಅದು ಬರೀ ಕಂಬವಾಗಿದ್ದರೆ ಬೀದಿಯವರು ಸುಮ್ಮನಿರುತ್ತಿದ್ದರು. ನಮ್ಮದು ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡದ ನೇಕಾರರ ಬೀದಿ. ಬೆಳಗಿನ ತಂಪು ಹೊತ್ತಿನಲ್ಲಿ ಸೀರೆಯ ಉದ್ದನೂಲನ್ನು, ನಾವು ತಮಿಳಿನವರ ಹಾಗೆ ಪಾವು ಅನ್ನುತ್ತೇವೆ, ಬೀದಿಯ ಉದ್ದಕ್ಕೂ ಹಾಸಿ, ಎರಡೂ ತುದಿ ಎಳೆದು ಕಟ್ಟಿ, ಗಂಜಿ ಹಾಕಿ, ಎರಡೂ ಬದಿಯಲ್ಲಿ ಜನ ನಿಂತು ಉಜ್ಜುತ್ತಾರೆ. ಪಾವು ಹಾಸಿದ ಬೀದಿಯಲ್ಲಿ ಕಲೆಕ್ಟರರ ಜೀಪು ಬಂದರೂ ಕಾಯಲೇಬೇಕು. ಅದರ ಒಂದು ತುದಿ ಕಟ್ಟುತ್ತಿದ್ದದ್ದು ಆ ಕಲ್ಲಿಗೆ. ಕಲ್ಲು ಬಿದ್ದ ಮೇಲೆ ಗಟ್ಟಿಮುಟ್ಟಾದ ಇಬ್ಬರು ಗಂಡಸರು ತುದಿ ಹಿಡಿದು ಹಿಂದಕ್ಕೆ ಒರಗಿ ನಿಲ್ಲಬೇಕಾಯಿತು. ಅವರು ನಿಂತಷ್ಟು ಹೊತ್ತೂ ಬೈದದ್ದು ನಮ್ಮಪ್ಪನನ್ನೇ.

ಇಷ್ಟಕ್ಕೂ ಅಪ್ಪನಿಗೆ ಕಾರು ಯಾಕೆ ಬೇಕಾಗಿತ್ತು ಅಂತ ಕೇಳಿದರೆ ಅವನ ಉತ್ತರ ಸಿದ್ಧವಾಗಿತ್ತು. "ಬುದ್ಧಿ ಬಂದಾಗಿಂದ ಕುಂತ ಜಾಗ್ದಲ್ಲೇ ಕುಂತು ಕಾಲಾಡಿಸ್ತಾ ಇವ್ನಿ. ಒಂದು ಗೇಣಾದ್ರೂ ಮುಂದಕ್ಕೋಗಿದೀನಾ?" ಅನ್ನುತ್ತಿದ್ದ. ಮಾತು ಸುಳ್ಳಲ್ಲ. ಆದರೆ ಮುಂದಕ್ಕೆ ಹೋಗಲು ಹೊರಟವನು ತನ್ನ ಮಗ್ಗ ಬಿಚ್ಚಬೇಕಿತ್ತು, ಹೆಂಡತಿಯದಲ್ಲ.

ಅವ್ವ ಬಂದಳು. ಬೀದಿಯಲ್ಲೇ ನಿಂತು, ಅರ್ಧ ಜಗಲಿ ನೋಡಿದಳು, ಇಲ್ಲದ ಚೌಕಟ್ಟು ನೋಡಿದಳು, ಪಡಸಾಲೆಯ ತುಂಬ ಕೂತಿದ್ದ ಕಾರು ನೋಡಿದಳು. ಗೋಡೆಗೂ ಕಾರಿಗೂ ನಡುವೆ ಅಡ್ಡಡ್ಡ ನುಸುಳಿಕೊಂಡು ಅಡುಗೆಮನೆಗೆ ಹೋಗಿ, "ಕಾಪಿ ಕುಡೀತೀಯೇನೆ?" ಎಂದು ನನ್ನನ್ನು ಕೇಳಿದಳು. ಅಪ್ಪನನ್ನು ಕೇಳಲಿಲ್ಲ. ಅಂದಿನಿಂದ ಅವನೊಂದಿಗೆ ನೇರವಾಗಿ ಮಾತೇ ಬಿಟ್ಟಳು. ಅವನು ಎದುರಿಗೇ ಕೂತು ಉಣ್ಣುತ್ತಿದ್ದರೂ, "ಸಾರು ಬೇಕಾ ಅಂತ ನಿಮ್ಮಪ್ಪನ್ನ ಕೇಳು" ಅನ್ನುತ್ತಿದ್ದಳು. ಅವನೂ "ಬ್ಯಾಡ ಅಂತ ನಿಮ್ಮವ್ವಂಗೆ ಏಳು" ಅನ್ನುತ್ತಿದ್ದ. ನಾನು ಮಾತ್ರ ಯಾರಿಗೂ ಏನೂ ಹೇಳಲು ಹೋಗುತ್ತಿರಲಿಲ್ಲ, ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು.

ಮಾರನೆಯ ದಿನದಿಂದ ಅವ್ವ ಎದುರುಮನೆಯಲ್ಲಿ ಖಾಲಿ ಇದ್ದ ಮಗ್ಗಕ್ಕೆ ನೇಯಲು ಹೋಗತೊಡಗಿದಳು. ತನ್ನ ಮಗ್ಗ ಅಟ್ಟದಲ್ಲಿಟ್ಟುಕೊಂಡು ಇನ್ನೊಬ್ಬರ ಗುಂಡಿಯಲ್ಲಿ ಕಾಲಿಡುವ ಹೆಂಗಸು ನಮ್ಮ ಬೀದಿಗೆ ಅವಳೊಬ್ಬಳೇ. ಬೆಳಿಗ್ಗೆ ಬೀದಿ ದಾಟುವಾಗ ಯಾರ ಮುಖವನ್ನೂ ನೋಡದೆ ತಲೆತಗ್ಗಿಸಿ ಹೋಗುತ್ತಿದ್ದಳು. ಅಪ್ಪನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವನ ತಟ್ಟೆಗೆ ಬಡಿಸುವಾಗ ಬೇಕೆಂದೇ ಸೌಟಿನಿಂದ ಸದ್ದುಮಾಡುತ್ತಿದ್ದೆ.

ಸೇಡು ತೀರಿಸುವುದರಲ್ಲಿ ಅವ್ವ ನನಗಿಂತ ಜಾಣೆ. ಕಾರಿನ ಹಿಂದಿನ ಸೀಟಿನ ಮೇಲೆ ಸಣ್ಣ ಈರುಳ್ಳಿ ಹರಡಿದಳು. ಡಿಕ್ಕಿಯಲ್ಲಿ ಹುಣಸೆಹಣ್ಣು ಇಟ್ಟಳು. ಸ್ಟೀರಿಂಗಿಗೆ ಸಾರಿಸುವ ಬಟ್ಟೆ ನೇತುಹಾಕಿದಳು. ಅಪ್ಪ ಶುಕ್ರವಾರ ಶುಕ್ರವಾರ ಕಾರಿಗೆ ಕರ್ಪೂರ ಹಚ್ಚಿ ಸ್ಟಾರ್ಟ್ ಮಾಡುತ್ತಿದ್ದ. ಮನೆಯೆಲ್ಲ ಹೊಗೆ. ಬೀದಿ ಮೂಲೆಯವರೆಗೆ ಹೋಗಿ ಕಾರು ಕೈಕೊಡುತ್ತಿತ್ತು. ಅಲ್ಲಿಂದ ಅಪ್ಪ, ಚಿಕ್ಕಪ್ಪ ಮತ್ತು ಈರುಳ್ಳಿ ವಾಪಸ್ಸು ಬರುತ್ತಿದ್ದರು. ಅಪ್ಪ ಮತ್ತು ಈರುಳ್ಳಿ ಒಳಗೆ, ಚಿಕ್ಕಪ್ಪ ಹೊರಗೆ ತಳ್ಳುತ್ತ.

ರೇಸಿನ ಸುದ್ದಿ ತಂದದ್ದು ನಮ್ಮ ಬೀದಿಗೆ ನೂಲಿನ ಮೂಟೆ ಇಳಿಸಲು ಬರುತ್ತಿದ್ದ ಲಾರಿ ಡ್ರೈವರು. ಧರ್ಮಪುರಿಯ ಪಕ್ಕ ಅದಿಯಮಾನ್‌ಕೋಟೆಯ ಹತ್ತಿರ ಒಂದು ಕೆರೆ. ಬೇಸಿಗೆಯಾದ್ದರಿಂದ ನೀರಿಲ್ಲದೆ ನೆಲ ಗಟ್ಟಿಯಾಗಿದೆ. ಲಾರಿ ಬಾಡಿ ಕಟ್ಟುವ ಶೆಡ್ಡಿನವರೆಲ್ಲ ಸೇರಿಕೊಂಡು ಅಲ್ಲಿ ಹಳೆ ಕಾರುಗಳ ಪಂದ್ಯ ಇಟ್ಟಿದ್ದಾರೆ. ಸೂರ್ಯ ಹುಟ್ಟಿದಾಗ ಶುರು, ಸೂರ್ಯ ಮುಳುಗಿದಾಗ ಕೊನೆ. ಜೋರಾಗಿ ಓಡುವುದಲ್ಲ ಮುಖ್ಯ, ಓಡುತ್ತಲೇ ಇರುವುದು ಮುಖ್ಯ. ಹೆಚ್ಚು ಸುತ್ತು ಹಾಕಿದವರಿಗೆ ಬಹುಮಾನ. ನಡುವೆ ನಿಂತರೆ ರಿಪೇರಿ ಮಾಡಿಕೊಳ್ಳಬಹುದು, ಡ್ರೈವರು ಬದಲಾಗಬಹುದು. ಒಂದೇ ಒಂದು ಕಟ್ಟುನಿಟ್ಟು, ಕಾರಿನ ಬೆಲೆ ಒಂದು ಜೋಡಿ ಉಳುವ ಎತ್ತಿಗಿಂತ ಕಡಿಮೆ ಇರಬೇಕು. ದುಡ್ಡಿದ್ದವರು ಒಳ್ಳೆ ಕಾರು ತಂದು ಬಡವರ ಹೊಟ್ಟೆಮೇಲೆ ಹೊಡೆಯಬಾರದಲ್ಲ, ಅದಕ್ಕೆ.

"ನಮ್ ಕಾರು ಬೆಳಗಿಂದ ಸಾಯಂಕಾಲದ್ ಗಂಟ ಓಡ್ತದೆ" ಎಂದು ಅಪ್ಪ ಎದೆ ತಟ್ಟಿಕೊಂಡ.

ಅಡುಗೆಮನೆಯಿಂದ ಅವ್ವನ ದನಿ ಬಂತು. "ಬೀದಿ ಮೂಲೆ ತಿರುಗ್ಲಿ ಮೊದ್ಲು ಅಂತ ನಿಮ್ಮಪ್ಪಂಗೆ ಏಳು."

"ಓಡ್ಸಿ ತೋರಿಸ್ತೀನಿ ಅಂತ ಏಳು ನಿಮ್ಮವ್ವಂಗೆ."

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನನ್ನ ಮುಖ ನೋಡಿಕೊಂಡೇ ಹೇಳಿದಳು. "ಒತ್ತು ಮುಳುಗೋವಾಗ ಅದು ಓಡ್ತಾ ಇದ್ರೆ ಇಲ್ಲೇ ಇರ್ಲಿ, ನಾನು ಇನ್ನೊಂದ್ ಮಾತಾಡಾಕಿಲ್ಲ. ನಿಂತೋಗಿದ್ರೆ ಅಲ್ಲಿಂದ ಅಂಗೇ ಗುಜರಿಗೆ ಓಗ್ಬೇಕು. ಈ ಜಾಗಕ್ಕೆ ನನ್ ಮಗ್ಗ ಬರ್ಬೇಕು."

ಅಪ್ಪ ಒಪ್ಪಿಕೊಂಡ. ಲಾರಿ ಡ್ರೈವರು ಸಾಕ್ಷಿ. ಅವ್ವನೂ ರೇಸಿಗೆ ಬರುತ್ತೇನೆಂದಳು. ಅದು ನಿಲ್ಲುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತಂತೆ.

ಓಡುವ ಕಾರನ್ನು ದಾರಿಯಲ್ಲಿ ದಣಿಸಬಾರದೆಂದು ಹಿಂದಿನ ಮಧ್ಯಾಹ್ನವೇ ಅದನ್ನು ಖಾಲಿ ಲಾರಿಗೆ ಹತ್ತಿಸಿದರು. ಅವ್ವ ಮತ್ತು ನಾನು ಡ್ರೈವರನ ಪಕ್ಕ ಕೂತೆವು. ಅಪ್ಪ ಲಾರಿಯ ಮೇಲಿನ ಕಾರಿನೊಳಗೆ ಸ್ಟೀರಿಂಗ್ ಹಿಡಿದು ಕೂತ, ಪಕ್ಕದಲ್ಲಿ ಚಿಕ್ಕಪ್ಪ. ತೊಪ್ಪೂರು ಘಾಟಿನ ತಿರುವುಗಳಲ್ಲೆಲ್ಲ ಅಪ್ಪ ಮೇಲಿಂದ ಸ್ಟೀರಿಂಗ್ ತಿರುಗಿಸುತ್ತಿದ್ದನೆಂದೂ, ಎದುರಿನಿಂದ ಬಸ್ಸು ಬಂದರೆ ಬ್ರೇಕು ಒತ್ತುತ್ತಿದ್ದನೆಂದೂ ಚಿಕ್ಕಪ್ಪ ಆಮೇಲೆ ಹೇಳಿದ. ಇಳಿದ ಮೇಲೆ ಅಪ್ಪನಿಗೆ ನಿಜವಾಗಿಯೂ ಸುಸ್ತಾಗಿತ್ತು.

ಬೆಳಿಗ್ಗೆ ಕೆರೆಯಂಗಳದಲ್ಲಿ ಕಾರುಗಳ ಬೆಲೆ ಕಟ್ಟಲು ಒಬ್ಬ ಎತ್ತಿನ ದಲ್ಲಾಳಿ ಬಂದಿದ್ದ. ಹೆಗಲ ಮೇಲೆ ಟವೆಲು, ಕಿವಿಯಲ್ಲಿ ಬೀಡಿ. ಅವನ ಹಿಂದೆ ಹುಣಸೆಮರದಡಿ ನಿಜವಾದ ಒಂದು ಜೋಡಿ ಎತ್ತು ಕಟ್ಟಿದ್ದರು. ಯಾವ ಕಾರು ಆ ಜೋಡಿಗಿಂತ ಹೆಚ್ಚು ಬಾಳುತ್ತದೆಂದು ಅವನು ಹೇಳುತ್ತಾನೋ, ಅದರ ಯಜಮಾನ ಕಾರು ಅಲ್ಲೇ ಬಿಟ್ಟು ಎತ್ತು ಹೊಡೆದುಕೊಂಡು ಮನೆಗೆ ಹೋಗಬೇಕು. ಈ ಭಯಕ್ಕೆ ಎಲ್ಲರೂ ತಂತಮ್ಮ ಕಾರನ್ನು ಆದಷ್ಟು ಹೊಲಸು ಮಾಡಿ ತಂದಿದ್ದರು. ಲಾರಿ ಮೆಕ್ಯಾನಿಕ್ಕುಗಳ ತಂಡವಂತೂ ಬಾನೆಟ್ಟಿಗೆ ಸಗಣಿ ಬಳಿದಿತ್ತು. ಹರೂರಿನ ರೈತರು ಮಾತ್ರ ವಿಷಯ ತಿಳಿಯದೆ ಹೊಸ ಬಣ್ಣ ಹೊಡೆಸಿ, ಮಾಲೆ ಹಾಕಿಸಿ ತಂದರು. ದಲ್ಲಾಳಿ ಒಮ್ಮೆ ಸುತ್ತು ಬಂದು, ಎತ್ತುಗಳ ಕಡೆ ಕೈ ತೋರಿಸಿದ. ರೈತರು ಎತ್ತಿನ ಹಲ್ಲು ನೋಡಿದರು, ಗೊರಸು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಾರಿನ ಕೀಲಿ ಕೊಟ್ಟು ಹಗ್ಗ ಹಿಡಿದುಕೊಂಡರು. ಅಷ್ಟು ಸಂತೋಷದಿಂದ ಸೋತವರನ್ನು ನಾನು ಕಂಡಿಲ್ಲ. ಮನೆಗೆ ಹೋಗದೆ, ಎತ್ತುಗಳ ಜೊತೆಗೇ ದಿನವಿಡೀ ರೇಸು ನೋಡುತ್ತ ಕೂತರು.

ನಮ್ಮ ಸರದಿ ಬಂತು. ದಲ್ಲಾಳಿ ಬಾನೆಟ್ ಎತ್ತಿ ಇಣುಕಿದ. ಹಿಂಭಾಗಕ್ಕೆ ಒಂದೇಟು ಕೊಟ್ಟು ಸದ್ದು ಕೇಳಿದ. ಸಂತೆಯಲ್ಲಿ ಮಾಡುವ ಹಾಗೆ ಅಪ್ಪನ ಕೈ ಹಿಡಿದು, ಮೇಲೆ ಟವೆಲು ಮುಚ್ಚಿ, ಬೆರಳು ಒತ್ತಿ ಬೆಲೆ ಹೇಳಿದ. ಅಪ್ಪನ ಮುಖ ಸಪ್ಪಗಾಯಿತು. ಟವೆಲಿನಡಿಯ ಮಾತು ಟವೆಲಿನಡಿಯೇ ಇರಬೇಕಾದದ್ದು ಸಂತೆಯ ಮರ್ಯಾದೆ. ದಲ್ಲಾಳಿ ಅದನ್ನೂ ಬಿಟ್ಟು, "ಒರು ಕನ್ನುಕುಟ್ಟಿ ಕೂಡ ವರಾದುಂಗ" ಎಂದು ತಮಿಳಿನಲ್ಲಿ ಎಲ್ಲರಿಗೂ ಕೇಳುವಂತೆ ಸಾರಿದ. ಎತ್ತಲ್ಲ, ಇದಕ್ಕೆ ಒಂದು ಕರುವೂ ಬರುವುದಿಲ್ಲವಂತೆ. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

ನಗದಿದ್ದವಳು ಅವ್ವ. ಅಷ್ಟು ಹೊತ್ತೂ ಕಾರಿಗೆ ಬೆನ್ನು ಮಾಡಿ ಕೂತಿದ್ದವಳು ದಡಕ್ಕನೆ ಎದ್ದು ಬಂದಳು.

"ಯಾರಪ್ಪ ನೀನು? ನಮ್ಮನೆ ವಸ್ತುವ ಕರುಗೂ ಸಮ ಇಲ್ಲ ಅಂತೀಯಾ? ಒಂದ್ ವರ್ಸಕ್ ಆಗೋಷ್ಟು ಈರುಳ್ಳಿ ಇಕ್ಕಿದೀನಿ ಅದ್ರೊಳಗೆ, ಒಂದಾದ್ರೂ ಕೊಳ್ತೈತಾ ನೋಡು!"

ದಲ್ಲಾಳಿ ಬೆಚ್ಚಿ ಹಿಂದೆ ಸರಿದ. ಆಮೇಲೆ, ಅವಳು ಬೈದದ್ದು ಕನ್ನಡದಲ್ಲೆಂದು ತಿಳಿದು ಅವನ ಮುಖ ಅರಳಿತು. "ಓ, ನಮ್ ಜನಾನಾ ತಾಯಿ! ಎಡಪ್ಪಾಡಿ ಕಡೇರಾ? ಅಂಗಾದ್ರೆ ಎರಡು ಕರು ಅಂತ ಇಟ್ಕಳ್ಳಿ" ಅಂದ.

ಅವ್ವ ಮೂಗು ಮುರಿದು ವಾಪಸ್ಸು ಬಂದು ಕೂತಳು. ಈ ಸಲ ಕಾರಿನ ಕಡೆ ಮುಖ ಮಾಡಿ ಕೂತಳು. ನಾನು ಆಗ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ತಂತಮ್ಮ ಸುತ್ತುಗಳ ಲೆಕ್ಕವನ್ನು ಆಯಾ ತಂಡದವರೇ ಇಡಬೇಕಿತ್ತು, ನಮ್ಮಲ್ಲಿ ಆ ಕೆಲಸ ನನ್ನದು. ಪಂದ್ಯಕ್ಕೆ ಬಂದಿದ್ದ ಇನ್ನೊಂದು ಸಬ್ಬಕ್ಕಿ ಮಿಲ್ಲಿನ ಹುಡುಗರ ತಂಡ ಹುಣಸೆಬೀಜವನ್ನು ಚೊಂಬಿಗೆ ಹಾಕಿ ಎಣಿಸುತ್ತಿತ್ತು. ಎಷ್ಟು ನೇಯ್ದೆವೆಂಬ ಗುರುತಿಗೆ ನಾವು ಬಟ್ಟೆಯ ಅಂಚಿನಲ್ಲಿ ದಾರ ಕಟ್ಟುವವರು, ನನಗೆ ಗಂಟೇ ಸುಲಭ. ಅಟ್ಟದಲ್ಲಿ ಕೈಗೆ ಸಿಕ್ಕ ಉದ್ದನೆಯ ಹತ್ತಿಯ ಹುರಿಯೊಂದನ್ನು ತಂದಿದ್ದೆ. ಸುತ್ತಿಗೊಂದು ಗಂಟು. ಮೊದಲ ಗಂಟು ಹಾಕುವಾಗ ಅವ್ವ ಹುರಿಯನ್ನು ನೋಡಿದಳು.

"ಅದು ನನ್ ಮಗ್ಗದ್ದಲ್ವೇನೆ?"

ಹೌದು. ಮಗ್ಗದ ಕೆಳಗಿನ ತುಳಿಯುವ ಪಟ್ಟಿಗಳನ್ನು ಮೇಲಕ್ಕೆ ಕಟ್ಟುವ ಹುರಿ. ಮದುವೆಯಾಗಿ ಬಂದ ಹೊಸತರಲ್ಲಿ ಅವ್ವ ತನ್ನ ಕೈಯಾರೆ ಹೊಸೆದು, ಎಣ್ಣೆ ಕುಡಿಸಿ ಮಾಡಿಕೊಂಡದ್ದು. "ಜ್ವಾಪಾನ. ನಾಳೆ ಬೇಕಾಯ್ತದೆ" ಅಂದಳು. ನಾಳೆ ಎಂದರೆ ಕಾರು ನಿಂತ ಮೇಲಿನ ನಾಳೆ.

ಸುಣ್ಣದ ಗೆರೆ ಎಳೆದ ದೊಡ್ಡ ಸುತ್ತಿನ ದಾರಿ. ಬಾವುಟ ಬಿದ್ದದ್ದೇ ಎಲ್ಲ ಕಾರುಗಳೂ ಧೂಳೆಬ್ಬಿಸಿಕೊಂಡು ಹೊರಟವು. ಮೊದಲು ಓಡಿಸಿದವನು ಚಿಕ್ಕಪ್ಪ. ಅವನಿಗೆ ಆತುರ ಜಾಸ್ತಿ. ಮೊದಲ ತಿರುವಿನಲ್ಲೇ ಎಡಬಾಗಿಲಿನ ಸೀರೆಯಂಚು ಬಿಚ್ಚಿಕೊಂಡು, ಹಿಂದಿನ ಸೀಟಿನ ಈರುಳ್ಳಿ ಕೆರೆಯಂಗಳದ ಮೇಲೆ ಉರುಳತೊಡಗಿತು. ಹಿಂದೆ ಬಂದ ಕಾರಿನವರು ನಿಲ್ಲಿಸಿ ಆಯ್ದುಕೊಂಡರು. ಅವ್ವ ಗೆರೆಯ ಬಳಿ ನಿಂತು, "ಅಯ್ಯೋ ಈರುಳ್ಳಿ! ಲೇ, ಮೆಲ್ಲಗೆ ಓಗೋ!" ಎಂದು ಮೈದುನನಿಗೆ ಕೂಗಿದಳು. ಪ್ರತಿ ಸುತ್ತಿಗೂ ಒಂದಷ್ಟು ಉದುರಿಸಿ, ಈರುಳ್ಳಿ ಖಾಲಿಯಾದ ಮೇಲೆ ಚಿಕ್ಕಪ್ಪ ತಲೆ ಸುತ್ತುತ್ತಿದೆ ಎಂದು ಇಳಿದ. ಅವ್ವ ತಂದಿದ್ದ ಹುಳಿಯನ್ನವನ್ನು ಮೂರು ಸಲ ಬಡಿಸಿಕೊಂಡು ಉಂಡು, ಮರದಡಿ ಎತ್ತುಗಳ ಪಕ್ಕ ಮಲಗಿಬಿಟ್ಟ.

ಅಪ್ಪ ಕೂತ ಮೇಲೆ ನೋಡಬೇಕಿತ್ತು ಮಜ. ಹುಟ್ಟಿನಿಂದ ಗುಂಡಿಮಗ್ಗ ತುಳಿದ ಕಾಲು ಅದು. ಎಡಗಾಲು ಇಳಿದರೆ ಬಲಗಾಲು ಏಳಲೇಬೇಕು, ಬಲಗಾಲು ಇಳಿದರೆ ಎಡಗಾಲು ಏಳಲೇಬೇಕು. ಎಚ್ಚರವಾಗಿದ್ದಷ್ಟು ಹೊತ್ತು ಅಪ್ಪ ಸರಿಯಾಗಿಯೇ ಓಡಿಸಿದ. ಮನಸ್ಸು ಸ್ವಲ್ಪ ಆಚೀಚೆಯಾದದ್ದೇ ಕಾಲು ತನ್ನ ಪಾಡಿಗೆ ನೇಯಲು ಶುರುಮಾಡಿತು. ಬಲಗಾಲು ಒತ್ತಿದಾಗ ಕಾರು ಮುಂದಕ್ಕೆ ನೆಗೆಯುತ್ತಿತ್ತು, ಎಡಗಾಲು ಕ್ಲಚ್ಚು ಒತ್ತಿದಾಗ ಉಸಿರುಬಿಟ್ಟು ತೇಲುತ್ತಿತ್ತು. ಸಾಲದ್ದಕ್ಕೆ ವೈಪರಿನ ಮೋಟಾರು ಸತ್ತು ಎಷ್ಟೋ ಕಾಲವಾಗಿತ್ತು. ಗಾಜಿನ ಮೇಲಿನ ಧೂಳು ಒರೆಸಲು ಚಿಕ್ಕಪ್ಪ ವೈಪರಿಗೆ ಒಂದು ದಾರ ಕಟ್ಟಿ, ಕಿಟಕಿಯೊಳಗೆ ತಂದುಬಿಟ್ಟಿದ್ದ. ಮಗ್ಗದಲ್ಲಿ ಲಾಳಿ ಹಾರಿಸಲು ದಾರ ಜಗ್ಗುತ್ತೇವಲ್ಲ, ಥೇಟ್ ಅದೇ ಎತ್ತರದಲ್ಲಿತ್ತು ಅದು. ಅಪ್ಪ ಬಲಗೈಯಲ್ಲಿ ದಾರ ಜಗ್ಗುತ್ತ, ಎರಡೂ ಕಾಲು ತುಳಿಯುತ್ತ, ಮೈ ಹಿಂದೆ ಮುಂದೆ ತೂಗುತ್ತ ಕೆರೆಯಂಗಳದಲ್ಲಿ ಸೀರೆ ನೇಯ್ದುಕೊಂಡು ಹೋದ. ಹರೂರಿನ ರೈತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ಮಾತ್ರ, "ನೋಡೆ, ಬಲಗಾಲು ಜಾಸ್ತಿ ತುಳೀತಾವ್ರೆ. ಮಗ್ಗದಲ್ಲೂ ಅದೇ ಕೆಟ್ ಅಭ್ಯಾಸ" ಎಂದು ಗೊಣಗಿದಳು.

ಹೀಗೆ ಓಡಿದ್ದರಿಂದ ನಮ್ಮ ಕಾರು ಎಲ್ಲರಿಗಿಂತ ನಿಧಾನ. ಆದರೆ ನಿಲ್ಲಲಿಲ್ಲ. ಬಿಸಿಲೇರುತ್ತಿದ್ದಂತೆ ಒಂದೊಂದೇ ಕಾರು ಹೊಗೆ ಬಿಟ್ಟು ಬದಿಗೆ ಸರಿಯಿತು. ಮೆಕ್ಯಾನಿಕ್ಕುಗಳ ಕಷ್ಟವೇ ಬೇರೆ. ಅವರ ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೂ ನಿಲ್ಲಿಸಿ, ಬಿಚ್ಚಿ, ಇನ್ನೂ ಚೆನ್ನಾಗಿ ಮಾಡೋಣ ಅಂತ ಹೊರಟರು. ಒಬ್ಬ ಬಿಚ್ಚಿದ್ದು ಇನ್ನೊಬ್ಬನಿಗೆ ಸರಿಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಎಂಜಿನ್ನು ಒಂದು ಗೋಣಿತಾಟಿನ ಮೇಲೆ ಹರಡಿಕೊಂಡಿತ್ತು, ಸುತ್ತ ಕೂತು ಜಗಳವಾಡುತ್ತಿದ್ದರು. ಕೊನೆಗೆ ಓಡುತ್ತ ಉಳಿದದ್ದು ಸಬ್ಬಕ್ಕಿ ಮಿಲ್ಲಿನ ಹುಡುಗರದ್ದು ಮತ್ತು ನಮ್ಮದು.

ನನ್ನ ಹುರಿಯ ತುಂಬ ಗಂಟು. ಎದೆಯ ತುಂಬ ಕಳವಳ. ಈ ಮುದಿ ಗಾಡಿ ಸಾಯಂಕಾಲದವರೆಗೆ ಓಡಿಯೇಬಿಟ್ಟರೆ ಅವ್ವನ ಗತಿ? ಆಯುಷ್ಯ ಪೂರ್ತಿ ತಲೆತಗ್ಗಿಸಿ ಬೀದಿ ದಾಟಬೇಕಲ್ಲ? ಪ್ರತಿ ಗಂಟು ಹಾಕುವಾಗಲೂ, ನಿಲ್ಲು, ದರಿದ್ರದ್ದೇ, ನಿಲ್ಲು ಎಂದು ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಶಾಪ ತಟ್ಟಿತು. ಹೊತ್ತು ಇಳಿಯತೊಡಗಿದಾಗ, ನಾವು ಕೂತಿದ್ದ ಜಾಗಕ್ಕೆ ಕೂಗಳತೆಯಲ್ಲಿ, ಪಟ್ ಎಂದು ಏನೋ ಹರಿದ ಸದ್ದಾಗಿ ಕಾರು ಬುಸ್ಸೆಂದು ಹಬೆಯಾಡಿ ನಿಂತಿತು. ಫ್ಯಾನ್ ಬೆಲ್ಟ್ ತುಂಡಾಗಿತ್ತು. ಅಪ್ಪ ಇಳಿದು, ಮರದಡಿ ಮಲಗಿದ್ದ ಚಿಕ್ಕಪ್ಪನನ್ನು ಎಬ್ಬಿಸಿದ.

"ಲೇ, ಇನ್ನೊಂದ್ ಬೆಲ್ಟ್ ತಂದಿದ್ದೆನಲ್ಲ, ಎಲ್ಲೋ?"

ಚಿಕ್ಕಪ್ಪ ಕಣ್ಣುಜ್ಜಿಕೊಂಡ. "ಅದಾ ಅಣ್ಣ? ಮನೇಲಿ ಹಿಟ್ಟು ರುಬ್ಬೋ ಗ್ರೈಂಡರ್ ನಿಂತೋಗಿತ್ತು, ಅತ್ತಿಗೆ ಸರಿ ಮಾಡು ಅಂದ್ರು. ಅದಕ್ಕೆ ಆಕ್ಬಿಟ್ಟೆ. ಎರಡು ದಿನ ಇಡ್ಲಿ ತಿಂದ್ಯಲ್ಲ, ಅದೇ."

ಮೆಕ್ಯಾನಿಕ್ಕುಗಳ ಬಳಿ ಲಾರಿಯ ಬೆಲ್ಟ್ ಇತ್ತು, ಅದು ನಮ್ಮ ಕಾರಿಗೆ ಎರಡು ಸುತ್ತು ಬರುವಂಥದ್ದು. ಸತ್ತ ಕಾರುಗಳ ಬೆಲ್ಟು ಕೇಳಿ ನೋಡಿದರೂ ಯಾವುದೂ ಅಳತೆಗೆ ಸೇರಲಿಲ್ಲ. ಅಪ್ಪ ತುಂಡು ಬೆಲ್ಟನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕುಸಿದು ಕೂತ. ಮೈಮುಖವೆಲ್ಲ ಧೂಳು, ಕಣ್ಣು ಮಾತ್ರ ಕೆಂಪಗೆ ಕಾಣುತ್ತಿತ್ತು. ಕೂತರೂ ಅವನ ಕಾಲುಗಳು ಇನ್ನೂ ಒಂದಾದ ಮೇಲೊಂದು ಅಲುಗುತ್ತಿದ್ದವು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. ಅದರ ಜೊತೆಗೇ, ಹಾಳಾದ್ದು, ಆ ಕಾಲುಗಳನ್ನು ನೋಡಿ ಪಾಪ ಅನ್ನಿಸಿತು.

ಅವ್ವ ಎದ್ದು ಬಂದಳು. ಸೂರ್ಯ ಇನ್ನೂ ಗುಡ್ಡದಿಂದ ಒಂದಾಳು ಮೇಲಿದ್ದ. ಅವಳು ಬೆಲ್ಟನ್ನು ನೋಡಿ, ಎಂಜಿನ್ನಿನ ಚಕ್ರಗಳನ್ನು ನೋಡಿ, ನನ್ನ ಕಡೆ ಕೈ ಚಾಚಿದಳು.

"ಹುರಿ ಕೊಡೆ."

ನಾನು ಹುರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. "ಇದ್ರಲ್ಲಿ ಗಂಟೆಲ್ಲಾ ಐತೆ, ಸುತ್ತಿನ ಲೆಕ್ಕ ಓಗ್ತದೆ."

"ಓಗ್ಲಿ."

"ಅವ್ವ, ಇದು ನಿನ್ ಮಗ್ಗದ್ದು! ಸುಮ್ನೆ ಕುಂತ್ಕೋ. ಕಾರು ನಿಂತೋಯ್ತು, ನಿನ್ ಮಗ್ಗ ಬರ್ತದೆ."

"ಇಂಗೆ ಬಂದ ಮಗ್ಗದ್ ಮ್ಯಾಲೆ ಕುಂತು ನೇಯಾಕಾಯ್ತದೇನೆ?" ಅಂದಳು ಅವ್ವ. ದನ ಮಾರುವವನು ನಮ್ಮನ್ನು ನೋಡಿ ನಗುವಾಗ ಬರುವ ಮಗ್ಗ ತನಗೆ ಬೇಡವೆಂದಳು. ಆಮೇಲೆ, ಎಷ್ಟೋ ತಿಂಗಳಾದ ಮೇಲೆ, ಅಪ್ಪನ ಮುಖಕ್ಕೇ ಮುಖ ಕೊಟ್ಟು ಹೇಳಿದಳು. "ನೀವು ಏಳಿ ಮ್ಯಾಲಕ್ಕೆ. ಎಳೆ ಹರಿದಿದ್ದ ಅಂಗೇ ಬಿಟ್ಟು ಕುಂತ್ಕೊಳ್ಳೋದು ನಮ್ ಮನೇಲಿ ಯಾವತ್ತು ಐತೆ?"

ಅದು ನಿಜ. ನೇಯುವಾಗ ಎಳೆ ಹರಿದರೆ ಅದನ್ನು ಸೇರಿಸದೆ ಮಗ್ಗದಿಂದ ಏಳುವ ಪದ್ಧತಿ ನಮ್ಮಲ್ಲಿಲ್ಲ. ಬಾಗಿಲಲ್ಲಿ ಬೀಗರು ಬಂದು ನಿಂತಿದ್ದರೂ ಎಳೆ ಸೇರಿಸಿಯೇ ಏಳಬೇಕು.

ಅವ್ವ ಗಂಟುಗಳನ್ನು ಒಂದೊಂದಾಗಿ ಹಲ್ಲಿನಿಂದ ಬಿಚ್ಚಿದಳು. ನಾನು ಬೆಳಗಿನಿಂದ ಹಾಕಿದ್ದ ಸುತ್ತುಗಳೆಲ್ಲ ಮಾಯವಾದವು. ಹುರಿಯನ್ನು ಮೂರು ಎಳೆ ಮಾಡಿ ಜಡೆ ಹೆಣೆದು, ತುದಿಗಳನ್ನು ಗಂಟು ಹಾಕದೆ, ಗಂಟಿದ್ದರೆ ಚಕ್ರದ ಮೇಲೆ ನೆಗೆಯುತ್ತದೆಂದು, ಎಳೆಯೊಳಗೆ ಎಳೆ ಸೇರಿಸಿ ಹೊಸೆದಳು. ಹರೂರಿನವರ ಬುತ್ತಿಯಿಂದ ಗಂಜಿ ಇಸಿದುಕೊಂಡು ಪಾವಿಗೆ ಬಳಿಯುವ ಹಾಗೆ ಬಳಿದು ಉಜ್ಜಿದಳು. ಅಪ್ಪ ತುದಿ ಹಿಡಿದುಕೊಂಡು ಕೂತಿದ್ದ. ಸಿಟ್ಟಿಗೋ ಏನಕ್ಕೋ ನನಗೆ ಅಳು ಬಂತು, ಅತ್ತುಬಿಟ್ಟೆ. ದಲ್ಲಾಳಿ ಬೀಡಿ ಆರಿದ್ದೂ ತಿಳಿಯದೆ ನೋಡುತ್ತ ನಿಂತಿದ್ದ.

ರೇಡಿಯೇಟರಿಗೆ ನೀರು ಹೊಯ್ದು, ಚಿಕ್ಕಪ್ಪ ತಳ್ಳಿದ. ಕಾರು ಕೆಮ್ಮಿ, ಹೊರಟಿತು. ನಡೆದುಕೊಂಡು ಹೋಗುವವರ ವೇಗದಲ್ಲಿ ಸುತ್ತತೊಡಗಿತು. ಗಂಜಿ ಬೆಂದು, ಅನ್ನ ಸೀದ ವಾಸನೆ ಕೆರೆಯಂಗಳದ ತುಂಬ ಹರಡಿತು. ಅವ್ವ ಬಿರಬಿರನೆ ಕಾರಿನ ಪಕ್ಕದಲ್ಲೇ ನಡೆದಳು. "ಬಲಗಾಲು ಮೆಲ್ಲಗೆ! ಬಲಗಾಲು ಮೆಲ್ಲಗೆ!" ಎಂದು ಕಿಟಕಿಯೊಳಗೆ ಕೂಗುತ್ತ, ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು, ಪೂರ್ತಿ ಸುತ್ತು ನಡೆದಳು. ಹರೂರಿನ ರೈತರು ಎತ್ತುಗಳನ್ನು ಹೊಡೆದುಕೊಂಡು ಅವಳ ಹಿಂದೆ ಬಂದರು.

ಸೂರ್ಯ ಗುಡ್ಡದ ಹಿಂದೆ ಇಳಿದು ಬಾವುಟ ಬಿದ್ದಾಗ ನಮ್ಮ ಕಾರು ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ದೊಡ್ಡ ಮಾತು, ಗಾಲಿ ತಿರುಗುತ್ತಿತ್ತು. ಬಾವುಟ ಬಿದ್ದ ಮೇಲೆ ಒಂದೆರಡು ಮಾರು ಹೋಗಿ, ಅವ್ವನ ಹುರಿ ಸುಟ್ಟು ಬೂದಿಯಾಗಿ, ನಿಂತಿತು. ಎಷ್ಟು ಸುತ್ತು ಎಂದು ಶೆಡ್ಡಿನವರು ಬಂದು ಕೇಳಿದಾಗ ನಾನು ಬಾನೆಟ್ಟಿನೊಳಗಿನ ಬೂದಿ ತೋರಿಸಿದೆ. ಹಾಗಾಗಿ ನಮಗೆ ಯಾವ ಸ್ಥಾನವೂ ಇಲ್ಲ. ಗೆದ್ದ ಸಬ್ಬಕ್ಕಿ ಮಿಲ್ಲಿನ ಹುಡುಗರಿಗೆ ಬಹುಮಾನವಾಗಿ ಹರೂರಿನವರು ಬಿಟ್ಟ ಕಾರನ್ನೇ ಕೊಟ್ಟರು. ಅವರು ಎತ್ತುಗಳನ್ನು ಆಸೆಯಿಂದ ನೋಡಿ, ಬೇರೆ ದಾರಿಯಿಲ್ಲದೆ ತೆಗೆದುಕೊಂಡರು.

ಕಾರು ಅಪ್ಪನದಾಯಿತು, ಪಡಸಾಲೆ ಕಾರಿನದಾಯಿತು. ಅವ್ವ ಕೊಟ್ಟ ಮಾತಿನಂತೆ ಇನ್ನೊಂದು ಮಾತಾಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಎದುರುಮನೆಗೆ ಒಯ್ಯಬೇಕಾದ ನೂಲಿನ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು ಮಲಗಿದಳು. ನನಗೆ ಅಪ್ಪನ ಮುಖ ನೋಡಲೂ ಮನಸ್ಸಾಗಲಿಲ್ಲ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಗುದ್ದಲಿಯ ಸದ್ದು. ಎದ್ದು ಬಂದು ನೋಡಿದರೆ ಕಾರು ಬೀದಿಯಲ್ಲಿ ನಿಂತಿತ್ತು. ಪಡಸಾಲೆಯ ನಡುವೆ ಅಪ್ಪ ಮಂಡಿಯುದ್ದ ಗುಂಡಿಯಲ್ಲಿ ನಿಂತು ಮಣ್ಣು ತೋಡುತ್ತಿದ್ದ. ತಾನೇ ತುಂಬಿ, ತಾನೇ ದಿಮ್ಮಸು ಹೊಡೆದ ಮಣ್ಣು, ಸುಲಭಕ್ಕೆ ಬರುತ್ತಿರಲಿಲ್ಲ. ಅವ್ವ ಕಾಪಿ ಲೋಟ ಹಿಡಿದು ಗೋಡೆಗೊರಗಿ ನೋಡುತ್ತಿದ್ದಳು. ಒಂದು ಲೋಟ ಗುಂಡಿಯ ಅಂಚಿನಲ್ಲೂ ಇತ್ತು.

"ಇನ್ನೊಂದ್ ಗೇಣು ಅಗ್ಲ ಇರ್ಲಿ. ನನ್ ಮಂಡಿ ಮುಂಚಿನಂಗಿಲ್ಲ" ಅಂದಳು.

"ಸರಿ" ಅಂದ ಅಪ್ಪ.

ನಾನು ಇಬ್ಬರ ನಡುವೆಯೇ ನಿಂತಿದ್ದೆ. ಯಾರೂ ನನ್ನ ಕೈಲಿ ಹೇಳಿಸಲಿಲ್ಲ.

ಕಾರು ಮತ್ತೆ ಒಳಗೆ ಬರಲಿಲ್ಲ. ಬೀದಿಯವರೆಲ್ಲ ಸೇರಿ ಅದನ್ನು ತಳ್ಳಿ, ಬಿದ್ದುಹೋದ ಕಲ್ಲುಕಂಬದ ಜಾಗದಲ್ಲಿ ನಿಲ್ಲಿಸಿದರು. ಮಗ್ಗ ಇಳಿಸಿದ ಮೇಲೆ ಮೊದಲು ಹಾಸಿದ್ದು ಅವ್ವನ ಪಾವೇ, ಅದರ ತುದಿ ಕಟ್ಟಿದ್ದು ಕಾರಿನ ಬಂಪರಿಗೆ. ಕಾರಿನ ಕೈಬ್ರೇಕು ನಂಬುವಂಥದ್ದಲ್ಲ. ಎಳೆತಕ್ಕೆ ಕಾರು ಒಂದಿಷ್ಟು ಸರಿದರೂ ನೂಲು ಸಡಿಲವಾಗಿ ಕೆಡುತ್ತದೆ. ಅದಕ್ಕೆ ಅಪ್ಪ ಒಳಗೆ ಕೂತು, ಎರಡೂ ಕಾಲಿನಿಂದ ಬ್ರೇಕು ಒತ್ತಿ ಹಿಡಿದುಕೊಂಡ. ಬೀದಿಯ ಉದ್ದಕ್ಕೂ ಜನ ಗಂಜಿ ಉಜ್ಜುತ್ತಿದ್ದರು. ಅವ್ವ ಮಾತ್ರ ಉಜ್ಜುತ್ತ ಉಜ್ಜುತ್ತ ಆಗಾಗ ಕಾರಿನ ಕಡೆ ತಿರುಗಿ, "ಕಾಲು ಆಡಿಸ್ಬ್ಯಾಡಿ!" ಎಂದು ಕೂಗುತ್ತಿದ್ದಳು.

ಪಾವು ಒಣಗಿ ಸುತ್ತಿಕೊಳ್ಳುವವರೆಗೂ ಅಪ್ಪ ಕಾಲಾಡಿಸದೆ ಕೂತಿದ್ದ.